ಓದುವುದು ಕ್ರಿಮಿಯ ಜಾತಕ, ನಿಮ್ಮ ಮನೆಯದಲ್ಲ

ಪ್ರಶ್ನೆ: ಮೇಡಂ, ನನ್ನ ತಮ್ಮನಿಗೆ 34 ವರ್ಷ, ಪೀಣ್ಯದ ಪೌಡರ್ ಕೋಟಿಂಗ್ ಶೆಡ್ಡಿನಲ್ಲಿ ಕೆಲಸ. ಕೆಮ್ಮು ನಿಲ್ಲದೆ ಒಂದು ಖಾಸಗಿ ಆಸ್ಪತ್ರೆಗೆ ಹೋದಾಗ ಕಫ ನೋಡಿ ಟಿಬಿ ಎಂದರು, ಮಾತ್ರೆ ಶುರುವಾಯಿತು. ಎರಡು ತಿಂಗಳಾದರೂ ಜ್ವರ ಇಳಿಯಲಿಲ್ಲ. ಆಮೇಲೆ ಸರ್ಕಾರಿ ಕೇಂದ್ರದಲ್ಲಿ ಕಫವನ್ನು ಮಷೀನಿಗೆ ಹಾಕಿ 'ಟಿಬಿಯ ಮುಖ್ಯ ಮಾತ್ರೆ ರಿಫಾಂಪಿಸಿನ್ ಇವನಿಗೆ ಕೆಲಸ ಮಾಡಲ್ಲ' ಎಂದರು. ಮಾತ್ರೆ ತಪ್ಪಿಸಿದ್ದಾನೆ ಅಂತ ಮನೆಯವರೆಲ್ಲ ಅವನನ್ನೇ ಬೈಯುತ್ತಿದ್ದಾರೆ. ಒಂದು ದಿನವೂ ತಪ್ಪಿಸಿಲ್ಲ ಅಂತ ಅವನು ಅಳುತ್ತಾನೆ. ಈಗ ಕಫವನ್ನು 'ಜೀನ್ ಓದಿಸೋಕೆ' ಕಳಿಸುತ್ತಾರಂತೆ. ನನ್ನ ಮಗಳಿಗೆ ಗಂಡು ನೋಡುತ್ತಿದ್ದೇವೆ. ನಮ್ಮ ವಂಶದ ಜೀನ್ ಎಲ್ಲಾದರೂ ದಾಖಲಾಗಿಬಿಟ್ಟರೆ?
– ಹೆಸರು ಬೇಡ, ಕಾಮಾಕ್ಷಿಪಾಳ್ಯ

ಉತ್ತರ: ಮೊದಲು ನಿಮ್ಮ ತಮ್ಮನನ್ನು ಬೈಯುವುದನ್ನು ನಿಲ್ಲಿಸಿಮ್ಮ. ಜೀನ್ ವಿಷಯ ಆಮೇಲೆ.

ಮೂವತ್ತು ವರ್ಷ ನಾನು ಮೈಕ್ರೋಸ್ಕೋಪಿನ ಮುಂದೆ ಕೂತವಳು. ಬಣ್ಣ ಹಾಕಿದ ಕಫದಲ್ಲಿ ಟಿಬಿ ಕ್ರಿಮಿ ಕಾಣುವುದು ನೀಲಿ ನೆಲದ ಮೇಲೆ ಚೆಲ್ಲಿದ ಸಣ್ಣ ಕೆಂಪು ಕಡ್ಡಿಗಳ ಹಾಗೆ. ಔಷಧಕ್ಕೆ ಬಗ್ಗುವ ಕಡ್ಡಿಯೂ ಕೆಂಪೇ, ಬಗ್ಗದ್ದೂ ಕೆಂಪೇ. ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಅದನ್ನು ತಿಳಿಯಲು ಆಗ ಮೊಟ್ಟೆ ಹಾಕಿ ಮಾಡಿದ ಹಸಿರು ಆಹಾರದ ಮೇಲೆ ಕ್ರಿಮಿಯನ್ನು ಬೆಳೆಸುತ್ತಿದ್ದೆವು. ಆರೆಂಟು ವಾರ ಕಾದರೆ ಒಣಗಿದ ಉಪ್ಪಿಟ್ಟಿನ ಚೂರಿನಂಥ ಗಂಟುಗಳು ಏಳುತ್ತಿದ್ದವು. ಅದಕ್ಕೆ ಔಷಧ ಹಾಕಿ ಮತ್ತೆ ಕಾಯಬೇಕು. ಅಷ್ಟರಲ್ಲಿ ಕೆಲವು ರೋಗಿಗಳು ಊರು ಬಿಟ್ಟಿರುತ್ತಿದ್ದರು, ಕೆಲವರು ಲೋಕವನ್ನೇ.

ಈಗಿನ ಸಿಬಿನ್ಯಾಟ್, ಟ್ರೂನ್ಯಾಟ್ ಮಷೀನುಗಳು ಕೆಲವೇ ಗಂಟೆಯಲ್ಲಿ ಉತ್ತರ ಕೊಡುತ್ತವೆ. (ಟ್ರೂನ್ಯಾಟ್ ಹುಟ್ಟಿದ್ದು ನಮ್ಮ ಬೆಂಗಳೂರಿನ ಪ್ರಯೋಗಾಲಯದಲ್ಲೇ. ಹೇಳಿಕೊಳ್ಳಲು ನನಗೆ ಸ್ವಲ್ಪ ಜಂಭ.) ಟಿಬಿ ಕ್ರಿಮಿಯ ಜೀನೋಮ್ ಸುಮಾರು 44 ಲಕ್ಷ ಅಕ್ಷರಗಳ ಪುಸ್ತಕ. 1998ರಲ್ಲೇ ಅದನ್ನು ಪೂರ್ತಿ ಓದಿ ಮುಗಿಸಿದ್ದಾರೆ. ಸಿಬಿನ್ಯಾಟ್ ಮಷೀನು ಅದರಲ್ಲಿ 81 ಅಕ್ಷರಗಳ ಒಂದು ತುಣುಕನ್ನು ಮಾತ್ರ ನೋಡುತ್ತದೆ. ರಿಫಾಂಪಿಸಿನ್‌ಗೆ ಬಗ್ಗದ ಕ್ರಿಮಿಗಳಲ್ಲಿ ಬಹುತೇಕ ಎಲ್ಲದರ ತಪ್ಪಕ್ಷರ ಅಲ್ಲೇ ಸಿಕ್ಕಿಬೀಳುತ್ತದೆ. ಒಂದೇ ಒಂದು ಅಕ್ಷರ ಬದಲಾದರೂ ಸಾಕು, ಮಾತ್ರೆ ಹೋಗಿ ಕೂರಬೇಕಾದ ಜಾಗದ ಆಕಾರ ಕೆಡುತ್ತದೆ. ಆಮೇಲೆ ನೀವು ಎಷ್ಟು ಮಾತ್ರೆ ನುಂಗಿಸಿದರೂ ಮೂತ್ರ ಕೆಂಪಾಗುತ್ತದೆ, ಕ್ರಿಮಿ ಸಾಯುವುದಿಲ್ಲ. ಈ ಪರೀಕ್ಷೆ ಮೊದಲ ದಿನವೇ ಆಗಬೇಕಿತ್ತು. ಎರಡು ತಿಂಗಳು ಹಾಳಾದದ್ದು ಅಲ್ಲಿ, ನಿಮ್ಮ ತಮ್ಮನ ಕೈಯಲ್ಲಲ್ಲ.

ಈಗ ಕಳಿಸುತ್ತಿರುವುದು ಪೂರ್ತಿ ಪುಸ್ತಕ ಓದಿಸಲು. ಯಾವ್ಯಾವ ಔಷಧಕ್ಕೆ ಈ ಕ್ರಿಮಿ ಬಗ್ಗುವುದಿಲ್ಲ, ಯಾವುದಕ್ಕೆ ಇನ್ನೂ ಬಗ್ಗುತ್ತದೆ ಎನ್ನುವ ಸುಳಿವು ಅದರಲ್ಲಿದೆ. ಹೊಸ ಔಷಧಗಳ ಆರು ತಿಂಗಳ ಚಿಕಿತ್ಸೆಗೆ 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿದೆ. ನಿಮ್ಮ ತಮ್ಮನಿಗೆ ಅದು ಹೊಂದುತ್ತದೋ ಇಲ್ಲವೋ ಎಂಬುದನ್ನು ಅವನ ಡಾಕ್ಟರೇ ಹೇಳಬೇಕು.

ಮನೆಯವರ ಆರೋಪಕ್ಕೂ ಈ ಓದು ಉತ್ತರ ಕೊಟ್ಟೀತು. ಮಾತ್ರೆ ತಪ್ಪಿಸಿದರೆ ಕ್ರಿಮಿ ಮೊಂಡಾಗುವುದುಂಟು, ನಿಜ. ಆದರೆ ಮೊದಲೇ ಮೊಂಡಾದ ಕ್ರಿಮಿಯನ್ನು ಬೇರೊಬ್ಬರ ಕೆಮ್ಮಿನಿಂದ ಪಡೆದವರು ಬಹಳ ಜನ ಇದ್ದಾರೆ. ಅವರಿಗೆ ಮೊದಲ ಮಾತ್ರೆಯೂ ನಾಟುವುದಿಲ್ಲ. ಅದೇ ಶೆಡ್ಡಿನ ಇನ್ನೊಬ್ಬ ರೋಗಿಯ ಕ್ರಿಮಿಯನ್ನೂ ಓದಿದಾಗ 44 ಲಕ್ಷದಲ್ಲಿ ನಾಲ್ಕೈದು ಅಕ್ಷರ ಮಾತ್ರ ಬೇರೆ ಬಂದರೆ, ಸೋಂಕು ಇತ್ತೀಚೆಗೆ ಒಂದೇ ಸರಪಳಿಯಲ್ಲಿ ಹರಡಿದೆ ಎಂದು ಅರ್ಥ. ನೂರಾರು ಅಕ್ಷರ ಬೇರೆಯಾದರೆ ಇಬ್ಬರಿಗೂ ಸಂಬಂಧವಿಲ್ಲ. ಯಾರಿಂದ ಯಾರಿಗೆ ಎಂದು ಬೆರಳು ತೋರಿಸಲು ಅಕ್ಷರವೊಂದೇ ಸಾಲದು. ಆದರೆ ಎಲ್ಲಿ ಹುಡುಕಬೇಕು ಎಂಬುದು ತಿಳಿಯುತ್ತದೆ. ಇಡೀ ಪೀಣ್ಯವನ್ನು ಜಾಲಾಡುವ ಬದಲು ಪೌಡರ್ ಹಾರದಿರಲೆಂದು ಕಿಟಕಿ ಮುಚ್ಚಿದ ಆ ಒಂದು ಶೆಡ್ಡು, ಒಟ್ಟಿಗೆ ಕೂತು ಬುತ್ತಿ ಬಿಚ್ಚುವ ಆ ಹತ್ತು ಹನ್ನೆರಡು ಜನ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಇಂಥ ಉಪಾಯ ಇರಲಿಲ್ಲ. ಪೇಟೆಯ ಜನ ಮನೆಮಠ ಬಿಟ್ಟು ಹೊರಟರು, ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಎದ್ದವು.

ಇನ್ನು ನಿಮ್ಮ ಮಗಳ ಮದುವೆ. ಓದುವುದು ಕ್ರಿಮಿಯ ಅಕ್ಷರ. ಕಫದಲ್ಲಿ ಮನುಷ್ಯರ ಜೀವಕೋಶವೂ ಇರುತ್ತದೆ, ಸುಳ್ಳು ಹೇಳಲಾರೆ. ಆದರೆ ಸಾಮಾನ್ಯವಾಗಿ ಕ್ರಿಮಿಯನ್ನು ಬೇರೆಯಾಗಿ ಬೆಳೆಸಿ ಓದುತ್ತಾರೆ, ಮನುಷ್ಯರ ಅಕ್ಷರ ಬಂದರೆ ಸೋಸಿ ಬಿಸಾಕುತ್ತಾರೆ. ಡಬ್ಬಿಯ ಮೇಲೆ ಹೆಸರಿರುತ್ತದೋ ನಂಬರೋ, ಯಾರು ನೋಡುತ್ತಾರೆ ಎಂದು ಧಾರಾಳವಾಗಿ ಕೇಳಿ, ಕೇಳುವ ಹಕ್ಕು ನಿಮ್ಮದು. ಟಿಬಿ ವಂಶದಲ್ಲಿ ಬರುವ ರೋಗವಲ್ಲ. ನಿಮ್ಮ ಮಗಳು ಮಾಮನ ಜೊತೆ ಒಂದೇ ಮನೆಯಲ್ಲಿದ್ದರೆ ಅವಳಿಗೂ ಒಮ್ಮೆ ಪರೀಕ್ಷೆ ಮಾಡಿಸಿ. ಗಂಡಿನ ಕಡೆಯವರಿಗಿಂತ ಮುಂಚೆ ಆಗಬೇಕಾದ ಕೆಲಸ ಅದು.

ಕಫ ಕೊಡುವಾಗ ಬೆಳಗ್ಗೆ ಎದ್ದ ಕೂಡಲೇ ಬಾಯಿ ಮುಕ್ಕಳಿಸಿ, ಎದೆಯಾಳದಿಂದ ಕೆಮ್ಮಿ ತೆಗೆಯಲು ಹೇಳಿ. ಅರ್ಧಕ್ಕರ್ಧ ಡಬ್ಬಿಗಳಲ್ಲಿ ನಮಗೆ ಬರುತ್ತಿದ್ದದ್ದು ಬರೀ ಎಂಜಲು. ಟಿಬಿ ರೋಗಿಗಳ ಸರ್ಕಾರಿ ದಾಖಲೆ ನಿಕ್ಷಯ್‌ನಲ್ಲಿ ಹೆಸರು ನೋಂದಾಯಿಸಿದ್ದರೆ ಪೋಷಣೆಗೆ ತಿಂಗಳಿಗೆ 1000 ರೂಪಾಯಿ ಖಾತೆಗೆ ಬರಬೇಕು. ಪಾಸ್‌ಬುಕ್ ನೋಡಿ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಎಸ್‌ಟಿಪಿಯಿಂದ (ಕೊಳಚೆ ನೀರು ಶುದ್ಧೀಕರಣ ಘಟಕ) ಯಾರೋ ಸಂಶೋಧಕರು ಬಾಟಲಿಯಲ್ಲಿ ಕೊಳಚೆ ನೀರು ತುಂಬಿಕೊಂಡು ಹೋದರು. ಕೊರೊನಾ ಮುಗಿಯಿತಲ್ಲ?
– ನಿವೃತ್ತ ಮೇಷ್ಟರು, ಯಲಹಂಕ

ಉತ್ತರ: ಮೇಷ್ಟ್ರೇ, 2022ರಲ್ಲಿ ನಗರದ 28 ಶುದ್ಧೀಕರಣ ಘಟಕಗಳ ನೀರಿನಿಂದ ಕೊರೊನಾದ ಯಾವ ತಳಿ ಊರಲ್ಲಿ ಓಡಾಡುತ್ತಿದೆ ಎಂದು ಇಲ್ಲಿಯ ವಿಜ್ಞಾನಿಗಳು ಓದಿದ್ದರು. ಕೆಮ್ಮದವರೂ ಪರೀಕ್ಷೆ ಮಾಡಿಸದವರೂ ಶೌಚಾಲಯಕ್ಕಂತೂ ಹೋಗುತ್ತಾರಲ್ಲ! ಪೋಲಿಯೋಗಾಗಿ ಮುಂಬೈಯಲ್ಲಿ ಹೀಗೆ ಮೋರಿ ನೀರು ನೋಡುವುದು 2001ರಿಂದ ನಡೆದಿದೆ. ಯಾವ ಫ್ಲ್ಯಾಟಿನ ನೀರು ಎಂದು ಅವರಿಗೂ ತಿಳಿಯುವುದಿಲ್ಲ. ಮುಂದಿನ ಸಲ ಬಂದಾಗ ಏನು ಸಿಕ್ಕಿತು ಎಂದು ಕೇಳಿ, ನನಗೂ ಬರೆಯಿರಿ.