ಐದನೇ ಪುಟದಿಂದ ಶುರು ಮಾಡಿ

ನಮಸ್ಕಾರ.

ನಮ್ಮ ಬೆಳಗಾವಿಯ ಹಳ್ಳದ ಬಗ್ಗೆ ನೀವು ಕಳಿಸಿದ ‘ಕಣ್ಣೀರಿಡುತ್ತಿರುವ ಬಳ್ಳಾರಿ ನಾಲಾ’ ಲೇಖನವನ್ನು ಒಮ್ಮೆ ಕಚೇರಿಯಲ್ಲಿ, ಇನ್ನೊಮ್ಮೆ ಮನೆಗೆ ಒಯ್ದು ಓದಿದೆ. ಈಗಿರುವ ರೂಪದಲ್ಲಿ ಅಚ್ಚು ಮಾಡಲಾರೆ. ಇಷ್ಟನ್ನೇ ಒಂದು ಕಾರ್ಡಿನಲ್ಲಿ ಬರೆದು ಹಾಕಿದ್ದರೆ ನನ್ನ ಕೆಲಸ ಮುಗಿಯುತ್ತಿತ್ತು. ಆದರೆ ಹನ್ನೊಂದು ಪುಟಗಳ ನಡುವೆ ಐದನೆಯದು ಅಂತ ಒಂದು ಪುಟ ಇದೆಯಲ್ಲ, ಅದು ಬಿಡಲೊಲ್ಲದು. ಅದಕ್ಕೇ ಈ ಉದ್ದನೆಯ ಪತ್ರ. ಕೆಲವು ಮಾತು ಖಾರ ಅನ್ನಿಸಿದರೆ ಒಂದು ದಿನ ಬಿಟ್ಟು ಮತ್ತೊಮ್ಮೆ ಓದಿ.

ಮೊದಲು ತಲೆಬರಹ. ನಿಮ್ಮ ಮೊದಲ ನಾಲ್ಕು ಪುಟಗಳಲ್ಲಿ ನಾಲಾ ಅಳುತ್ತದೆ, ನರಳುತ್ತದೆ, ಮೊರೆಯಿಡುತ್ತದೆ, ಒಂದು ಕಡೆಯಂತೂ ‘ನನ್ನನ್ನು ಉಳಿಸಿ’ ಎಂದು ಬಾಯಿ ಬಿಟ್ಟು ಕೂಗುತ್ತದೆ. ವಾರಕ್ಕೆ ಇಂಥ ಮೂರು ಲೇಖನ ನನ್ನ ಮೇಜಿಗೆ ಬರುತ್ತವೆ. ಕೆರೆ ಅಳುತ್ತದೆ, ಗುಡ್ಡ ಅಳುತ್ತದೆ, ಕೋಟೆಯ ಗೋಡೆಯೂ ಬಿಕ್ಕುತ್ತದೆ. ಜುಲೈ ತಿಂಗಳಲ್ಲಿ ನಾಲಾ ಉಕ್ಕಿದಾಗ ವಡಗಾವಿ, ಶಹಾಪುರದ ಹೊಲಗಳ ಬದುವಿನ ಮೇಲೆ ನಿಂತು ನೋಡಿದವರಿಗೆ ಅಳುವವರು ಯಾರು ಅಂತ ಗೊತ್ತು. ಆ ರೈತರನ್ನು ಬಿಟ್ಟು ನೀರಿನ ಕೈಲಿ ಅಳಿಸಿದರೆ ಓದುಗನಿಗೆ ಯಾರ ಮೇಲೂ ಸಿಟ್ಟು ಬರುವುದಿಲ್ಲ.

ಇನ್ನು ಐದನೇ ಪುಟ. ಅಲ್ಲಿ ನಿಮ್ಮ ಅಜ್ಜ ಬರುತ್ತಾರೆ, ಬರೀ ಆರು ಸಾಲಿಗೆ. ವಡಗಾವಿ ಶಿವಾರದಲ್ಲಿ ನಾಲಾಕ್ಕೆ ಹತ್ತಿಕೊಂಡ ಎರಡು ಎಕರೆ ಬಾಸ್ಮತಿ ಹೊಲ. ಬದುವಿನ ಮೇಲೆ ನೆಟ್ಟ ಒಂದು ಕೋಲು. ನೀರು ಎಲ್ಲಿಯವರೆಗೆ ಏರಿತು ಅಂತ ಪ್ರತಿ ಮಳೆಗಾಲದಲ್ಲಿ ಕುಡಗೋಲಿನಿಂದ ಆ ಕೋಲಿಗೊಂದು ಕಚ್ಚು. ನಾನು ಕುರ್ಚಿಯಲ್ಲಿ ಮುಂದಕ್ಕೆ ಸರಿದು ಕೂತೆ. ಏಳನೇ ಸಾಲು ಹೀಗಿದೆ: ‘ಈ ಹಿನ್ನೆಲೆಯಲ್ಲಿ ಸಮಗ್ರ ಹಾಗೂ ಸುಸ್ಥಿರ ಜಲಾನಯನ ನಿರ್ವಹಣೆ ಅತ್ಯಗತ್ಯವಾಗಿದೆ.’ ಅಲ್ರೀ, ಆ ಕೋಲು ಏನಾಯ್ತು? ಕಚ್ಚುಗಳು ವರ್ಷದಿಂದ ವರ್ಷಕ್ಕೆ ಮೇಲೇರಿದವೋ ಇಲ್ಲವೋ? ಕೋಲು ಈಗಲೂ ಇದೆಯೋ, ಒಲೆಗೆ ಹೋಯಿತೋ? ಅದನ್ನು ಹೇಳದೆ ನಿಮ್ಮನ್ನು ನಾನು ಮುಂದಿನ ಪುಟಕ್ಕೆ ಹೋಗಗೊಡುವುದಿಲ್ಲ.

ಅಜ್ಜನ ಮಾತನ್ನು ನೀವು ಹೀಗೆ ಬರೆದಿದ್ದೀರಿ: ‘ಹಿಂದೆ ಪ್ರವಾಹದ ನೀರು ಮೂರು ದಿನಗಳಲ್ಲಿ ಇಳಿದುಹೋಗುತ್ತಿತ್ತು, ಪ್ರಸ್ತುತ ಅದು ದೀರ್ಘಕಾಲ ನಿಲ್ಲುತ್ತಿದೆ.’ ವಡಗಾವಿಯ ಯಾವ ಅಜ್ಜನೂ ‘ಪ್ರಸ್ತುತ’ ಅನ್ನಲಾರ. ‘ಮೊದಲ ನೀರ ಬಂದ್ರ ಮೂರ ದಿನದಾಗ ಇಳೀತಿತ್ತವಾ, ಈಗ ಬಂದದ್ದ ಹೋಗಂಗೇ ಇಲ್ಲ’ ಅಂದಿರಬೇಕು, ನಡುನಡುವೆ ನಾಲ್ಕು ಮರಾಠಿ ಶಬ್ದವೂ ಬಂದಿರಬೇಕು. ನಮ್ಮೂರಿನ ಹೊಲದ ಮಾತೇ ಹಾಗೆ. ಅದನ್ನು ತೊಳೆದು ಇಸ್ತ್ರಿ ಮಾಡಿ ಕೊಟ್ಟರೆ ಸಾಕ್ಷಿ ಹೇಳಲು ಬಂದವನ ಬಾಯಿ ಮುಚ್ಚಿಸಿದ ಹಾಗೆ. ಆ ಒಂದು ಮಾತಿನಲ್ಲಿ ನಿಮ್ಮ ಇಡೀ ವಿಷಯವಿದೆ. ಬರುವ ನೀರು ಯಾಕೆ ಹೆಚ್ಚಾಯಿತು, ಹೋಗುವ ದಾರಿ ಯಾಕೆ ಸಣ್ಣದಾಯಿತು?

ನೀವು ನಗರ ಯೋಜನೆಯಲ್ಲಿ ಎಂ.ಟೆಕ್. ಮಾಡಿದವರು, ಲೆಕ್ಕ ಬಲ್ಲವರು. ಆದರೂ ಹನ್ನೊಂದು ಪುಟದಲ್ಲಿ ಒಂದೂ ಲೆಕ್ಕವಿಲ್ಲ. ಓದುಗ ಓಡಿಹೋಗುತ್ತಾನೆ ಅಂತ ಹೆದರಿದಿರೇನು? ಒಂದು ಎಕರೆ ಅಂದರೆ ಸುಮಾರು 4,047 ಚದರ ಮೀಟರ್. ಬದು ಗಟ್ಟಿಯಿರುವ ಭತ್ತದ ಹೊಲದಲ್ಲಿ 10 ಸೆಂ.ಮೀ. ನೀರು ನಿಂತರೆ ಎಕರೆಗೆ ನಾಲ್ಕು ಲಕ್ಷ ಲೀಟರ್. ಬೇಸಿಗೆಯಲ್ಲಿ ಓಣಿಗೆ ಬರುವ ದೊಡ್ಡ ಟ್ಯಾಂಕರು 10,000 ಲೀಟರಿನದು ಅಂತ ಹಿಡಿಯಿರಿ, ನಲವತ್ತು ಟ್ಯಾಂಕರು. ನಿಮ್ಮ ಅಜ್ಜನ ಎರಡು ಎಕರೆ ಎಂಬತ್ತು ಟ್ಯಾಂಕರು ನೀರನ್ನು ಬಾಡಿಗೆ ಕೇಳದೆ ಇಟ್ಟುಕೊಂಡು, ಮಳೆ ನಿಂತ ಮೇಲೆ ನಿಧಾನ ಬಿಡುತ್ತಿತ್ತು. ಇಂಥದೇ ಒಂದು ಎಕರೆ ಎನ್‌.ಎ. (ಬೇಸಾಯೇತರ ಜಮೀನು) ಆಗಿ, ಪ್ಲಾಟು ಬಿದ್ದು, ಮನೆಯೆದುರಿನ ಅಂಗಳಕ್ಕೂ ಫರಸಿ ಹಾಕಿದ ಮೇಲೆ 50 ಮಿ.ಮೀ. ಮಳೆ ಸುರಿಯಲಿ. ಬಿದ್ದ ಎರಡು ಲಕ್ಷ ಲೀಟರಿನ ಬಹುಪಾಲು ಮಳೆ ನಿಲ್ಲುವಷ್ಟರಲ್ಲಿ ಗಟಾರಕ್ಕೆ ಇಳಿದಿರುತ್ತದೆ. ಹಿಡಿದಿಡುವ ಜಾಗ ಹೋಯಿತು, ಓಡಿ ಬರುವ ನೀರು ಹೆಚ್ಚಾಯಿತು, ಎರಡೂ ಒಂದೇ ಎಕರೆಯಲ್ಲಿ. ಇದನ್ನು ಅರ್ಥ ಮಾಡಿಕೊಳ್ಳಲು ಓದುಗ ಎಂ.ಟೆಕ್. ಮಾಡಬೇಕಾಗಿಲ್ಲ, ಟ್ಯಾಂಕರಿಗೆ ಒಮ್ಮೆ ದುಡ್ಡು ಕೊಟ್ಟಿದ್ದರೆ ಸಾಕು.

ಇಲ್ಲಿಂದ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ನಿಮ್ಮ ಲೇಖನದ ಹೆಸರಿನಲ್ಲಿ ನಾಲಾ ಇದೆ, ಒಳಗೆ ಹತ್ತು ಕಡೆ ‘ಜಲಾನಯನ’ ಎಂಬ ಶಬ್ದವಿದೆ, ಆದರೆ ನೀವು ನಾಲಾದ ದಂಡೆ ಬಿಟ್ಟು ನೂರು ಹೆಜ್ಜೆ ಆಚೆ ಹೋಗಿಲ್ಲ. ಕಸ, ಜಲಪರ್ಣಿ ಎಂಬ ನೀರಿನ ಕಳೆ, ಹೂಳು, ವಾಸನೆ ಎಲ್ಲವನ್ನೂ ದಂಡೆಯ ಮೇಲೆ ನಿಂತೇ ನೋಡಿದ್ದೀರಿ. ನೀರು ಬರುವುದು ದಂಡೆಯಿಂದಲ್ಲವಲ್ಲ. ಯಳ್ಳೂರಿನ ಕಡೆಯ ಇಳಿಜಾರು, ಅನಗೋಳದ ಹೊಸ ಬಡಾವಣೆಗಳ ಮಾಳಿಗೆಗಳು, ಶಹಾಪುರದ ಓಣಿಯ ಗಟಾರಗಳು, ಇವೆಲ್ಲ ಸೇರಿ ನಾಲಾ. ಅದು ಹೆದ್ದಾರಿಯ ಕೆಳಗೆ ನುಸುಳಿ ಹಲಗಾ, ಬಸವನ ಕುಡಚಿಯ ಕಡೆ ಹೋಗುತ್ತದೆ, ಕೊನೆಗೆ ಘಟಪ್ರಭಾ ಕೊಳ್ಳ ಸೇರುತ್ತದೆ. ಬೆಳಗಾವಿ ಕುಡಿಯುವುದು ರಕ್ಕಸಕೊಪ್ಪದಲ್ಲಿ ಮಾರ್ಕಂಡೇಯ ನದಿಯ ನೀರು, ಹಿಡಕಲ್‌ನಲ್ಲಿ ಘಟಪ್ರಭೆಯ ನೀರು. ಕುಡಿದು ತೊಳೆದು ಬಿಡುವುದೂ ಅದೇ ಕೊಳ್ಳಕ್ಕೆ, ಒಂದಿಷ್ಟು ಕೆಳಗೆ. ಆ ಕೆಳಗಿನ ಗೋಕಾಕ ಸೀಮೆಯ ಓದುಗನೂ ನಮ್ಮ ಪತ್ರಿಕೆ ಕೊಳ್ಳುತ್ತಾನೆ. ಅವನ ಪಾಲಿಗೆ ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲ.

ದಂಡೆಯ ಮೇಲೆ ನಿಂತವರಿಗೆ ದಂಡೆಯ ಉಪಾಯವೇ ಹೊಳೆಯುತ್ತದೆ. ನಿಮ್ಮ ಮೊದಲ ಶಿಫಾರಸು: ಎರಡೂ ಬದಿಗೆ ತಡೆಗೋಡೆ, ತಳಕ್ಕೆ ಕಾಂಕ್ರೀಟು, ಅಂಕುಡೊಂಕು ತಿದ್ದಿ ನೇರ ಮಾಡುವುದು. ಹಾಗೆ ಮಾಡಿದರೆ ಶಹಾಪುರದ ನೀರು ಬೇಗ ಇಳಿಯಬಹುದು, ಒಪ್ಪಿದೆ. ಆದರೆ ಅದೇ ನೀರು ಅದೇ ವೇಗದಲ್ಲಿ ಕೆಳಗಿನ ಊರಿನ ಹೊಲಕ್ಕೆ ನುಗ್ಗುತ್ತದೆ. ನಡುವೆ ಒಂದು ಸಣ್ಣ ಮೋರಿ ಇದ್ದರಂತೂ ಮುಗಿದೇ ಹೋಯಿತು. ಇಡೀ ನಾಲಾವನ್ನು ಎಷ್ಟೇ ಅಗಲ ಮಾಡಿ, ನೀರು ಕೇಳುವುದು ಮೋರಿಯ ಬಾಯಿಯ ಮಾತನ್ನೇ. ತಳಕ್ಕೆ ಕಾಂಕ್ರೀಟು ಬಿದ್ದ ಮೇಲೆ ನೆಲಕ್ಕೂ ನೀರಿಗೂ ಕೊಡುಕೊಳ್ಳುವಿಕೆ ಕಡಿಯುತ್ತದೆ. ಬೇಸಿಗೆಯಲ್ಲಿ ಅಲ್ಲಿ ಹರಿಯುವುದು ಮನೆಗಳ ಕೊಳೆನೀರು ಮಾತ್ರ. ಟಿಳಕವಾಡಿಯ ಕಾಂಗ್ರೆಸ್ ಬಾವಿ ನೋಡಿದ್ದೀರಲ್ಲ, ಗಾಂಧೀಜಿ ಅಧ್ಯಕ್ಷರಾಗಿದ್ದ 1924ರ ಅಧಿವೇಶನಕ್ಕೆ ಬಂದವರ ನೀರಿಗಾಗಿ ತೋಡಿದ್ದು. ಬಾವಿಗಳನ್ನು ನಂಬಿ ಬದುಕಿದ ಊರು ಇದು. ಬಾವಿಯ ಸೆಲೆ ಮತ್ತು ನಾಲಾದ ಬೇಸಿಗೆ ಹರಿವು ಎರಡಕ್ಕೂ ನೀರು ಕೊಡುವುದು ನೆಲಕ್ಕೆ ಇಂಗಿದ ಮಳೆ. ಈ ನಂಟನ್ನು ನೀವು ಬರೆಯದೆ ಯಾರು ಬರೆಯಬೇಕು?

ವಿದೇಶದ ಉದಾಹರಣೆಗೆ ಬರೋಣ. ದಕ್ಷಿಣ ಕೊರಿಯಾದ ಸಿಯೋಲ್ ನಗರದ ಚಂಗ್ಯೆಚನ್ ತೊರೆಗೆ ನೀವು ಒಂದೂವರೆ ಪುಟ ಕೊಟ್ಟಿದ್ದೀರಿ. ಮೇಲ್ಸೇತುವೆ ರಸ್ತೆ ಕಿತ್ತು, ಕೆಳಗೆ ಮುಚ್ಚಿಹೋಗಿದ್ದ ತೊರೆಯನ್ನು 2005ರಲ್ಲಿ ಮತ್ತೆ ತೆರೆದದ್ದು ನಿಜ, ಫೋಟೋ ಚಂದ ಬರುವುದೂ ನಿಜ. ಆದರೆ ಅಲ್ಲಿ ಹರಿಯುವ ನೀರಿನ ದೊಡ್ಡ ಪಾಲನ್ನು ಹಾನ್ ನದಿಯಿಂದ ಪಂಪಿನಲ್ಲಿ ಎತ್ತಿ ತಂದು ಬಿಡುತ್ತಾರೆ, ದಿನಕ್ಕೆ ಸುಮಾರು 1.2 ಲಕ್ಷ ಟನ್. ನಮ್ಮ ಅಹಮದಾಬಾದಿನ ಸಾಬರಮತಿ ದಂಡೆಯ ಕತೆಯೂ ಬೇರೆಯಲ್ಲ, ಅಲ್ಲಿ ತುಂಬಿದ್ದು ನರ್ಮದೆಯ ಕಾಲುವೆ ನೀರು. ಚಂದದ ಜಾಗಗಳೇ, ಬೈಯುತ್ತಿಲ್ಲ. ಆದರೆ ಅವನ್ನು ಜಲಾನಯನ ಪುನಶ್ಚೇತನದ ಮಾದರಿ ಅಂತ ಕರೆದರೆ ನಿಮ್ಮ ವಿಷಯವನ್ನು ನೀವೇ ಕೆಡಿಸಿಕೊಂಡ ಹಾಗೆ. ಉದಾಹರಣೆ ಬೇಕೇ ಬೇಕು ಅಂದರೆ ಸಿಂಗಪುರದ ಬಿಷಾನ್ ಉದ್ಯಾನ ನೋಡಿ. ಕಾಲಂಗ್ ನದಿಯ 2.7 ಕಿ.ಮೀ. ನೇರ ಕಾಂಕ್ರೀಟು ಕಾಲುವೆಯನ್ನು ಒಡೆದು, 3.2 ಕಿ.ಮೀ. ಅಂಕುಡೊಂಕು ಹೊಳೆ ಮಾಡಿದರು, 2012ರಲ್ಲಿ ಜನಕ್ಕೆ ಬಿಟ್ಟರು. ಜೋರು ಮಳೆ ಬಂದಾಗ ಉದ್ಯಾನದ ಹುಲ್ಲಿನ ಮೇಲೇ ನೀರು ಹರಡಿಕೊಳ್ಳುತ್ತದೆ, ಇಳಿದ ಮೇಲೆ ಮಕ್ಕಳು ಮತ್ತೆ ಆಡಲು ಬರುತ್ತಾರೆ. ನೀವು ನೇರ ಮಾಡಿ ಅಂದಿರಿ, ಅವರು ಡೊಂಕು ಮಾಡಲು ದುಡ್ಡು ಸುರಿದರು. ಈ ಎರಡನ್ನೂ ಎದುರುಬದುರು ಇಟ್ಟು ಬರೆದರೆ ಒಂದು ಪ್ಯಾರಾ ಸಾಕು, ಒಂದೂವರೆ ಪುಟ ಉಳಿಯುತ್ತದೆ.

ಎಂಟನೇ ಪುಟದಲ್ಲಿ ದೊಡ್ಡ ತಪ್ಪೊಂದಿದೆ. ‘ಹಸಿರು ನ್ಯಾಯಮಂಡಳಿಯ ಆದೇಶದಂತೆ ರಾಜಕಾಲುವೆಯ ಎರಡೂ ಬದಿ 50 ಮೀಟರ್ ಬಿಡುವುದು ಕಡ್ಡಾಯ’ ಎಂದಿದ್ದೀರಿ. ಆ ಆದೇಶ 2016ರ ಮೇ ತಿಂಗಳದು, ಬೆಂಗಳೂರಿನ ಕೆರೆ, ಕಾಲುವೆಗಳ ಪ್ರಕರಣದ್ದು. ಮೀಸಲು ಅಂತರ ಹೆಚ್ಚಿಸಿದ ಆ ಭಾಗವನ್ನು 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ರದ್ದು ಮಾಡಿತು, ಅಂತರವನ್ನು ನಗರದ ಮಹಾಯೋಜನೆ (ಮಾಸ್ಟರ್ ಪ್ಲಾನ್) ಹೇಳಬೇಕು ಅಂದಿತು. ನಾನು ಇದನ್ನು ಹಾಗೇ ಅಚ್ಚು ಮಾಡಿದ್ದರೆ ಏನಾಗುತ್ತಿತ್ತು ಯೋಚಿಸಿ. ವಡಗಾವಿಯ ರೈತನೊಬ್ಬ ಪತ್ರಿಕೆಯ ಕತ್ತರಿಕೆ ಕಿಸೆಯಲ್ಲಿಟ್ಟುಕೊಂಡು ಕಚೇರಿಗೆ ಹೋಗಿರುತ್ತಿದ್ದ, ಅಲ್ಲಿನ ಗುಮಾಸ್ತ ನಕ್ಕು ಕಳಿಸಿರುತ್ತಿದ್ದ. ಬಹಳ ಹಿಂದೆ ಇಂಥದೇ ಒಂದು ತಪ್ಪನ್ನು ನಾನು ಪರೀಕ್ಷಿಸದೆ ಬಿಟ್ಟಿದ್ದೆ. ಕತ್ತರಿಕೆ ಹಿಡಿದು ಹೋದವರು ಮರಳಿ ಬಂದದ್ದು ನನ್ನ ಮೇಜಿನ ಮುಂದಕ್ಕೆ. ಅವರು ಬೈದಿದ್ದರೆ ಸುಲಭವಿತ್ತು, ಬೈಯಲಿಲ್ಲ.

ಆದರೆ ಈ ತಪ್ಪೇ ನಿಮಗೆ ದಾರಿ ತೋರಿಸುತ್ತದೆ. ಅಂತರ ನಿರ್ಧಾರವಾಗುವುದು ಮಹಾಯೋಜನೆಯಲ್ಲಿ ಅಂದ ಮೇಲೆ, ಬೆಳಗಾವಿಯ ಮಹಾಯೋಜನೆಯ ನಕಾಶೆಯಲ್ಲಿ ನಾಲಾಕ್ಕೆ ಎಷ್ಟು ಜಾಗ ಬಿಟ್ಟಿದ್ದಾರೆ, ಸುತ್ತಲಿನ ಹೊಲಕ್ಕೆ ಯಾವ ಬಣ್ಣ ಬಳಿದಿದ್ದಾರೆ? ಬೇಸಾಯದ ಹಸಿರೋ, ವಸತಿಯ ಹಳದಿಯೋ? ಅಜ್ಜನ ಕೋಲಿನ ಕಚ್ಚು ಮತ್ತು ನಕಾಶೆಯ ಬಣ್ಣ, ಈ ಎರಡರ ನಡುವೆ ನಿಮ್ಮ ಲೇಖನ ನಿಂತಿದೆ. ಹಳೆಯ ಗ್ರಾಮ ನಕಾಶೆ ತೆಗೆಸಿ. ಉತಾರದಲ್ಲಿ (ಪಹಣಿಯಲ್ಲಿ) ‘ಬಿ ಖರಾಬು’ ಅಂತ ಬರೆದ ಗುಂಟೆಗಳನ್ನು ನೋಡಿ. ಹಳ್ಳ, ದಾರಿಗಳಿಗೆ ಬಿಟ್ಟ ಸಾರ್ವಜನಿಕ ಜಾಗ ಅದು, ಯಾರೂ ಮಾರುವಂತಿಲ್ಲ. ಆಮೇಲೆ ನಡೆದು ಹೋಗಿ, ಆ ಗುಂಟೆಗಳ ಮೇಲೆ ಈಗ ಏನು ನಿಂತಿದೆ ಬರೆಯಿರಿ. ಯಾರ ಹೆಸರೂ ಬೇಡ. ಹದ್ದುಬಸ್ತು ಆಗಿದೆಯೋ ಇಲ್ಲವೋ ಅಷ್ಟು ಸಾಕು.

‘ಪಾಲಿಕೆ ಕ್ರಮ ಕೈಗೊಳ್ಳಬೇಕು’ ಎಂಬ ವಾಕ್ಯ ಏಳು ಸಲ ಬಂದಿದೆ. ಕೊನೆಯ ನಾಲ್ಕು ಪುಟದಲ್ಲಿ ಒಟ್ಟು ‘ಬೇಕು’ಗಳು ಮೂವತ್ತೊಂದು, ಪೆನ್ಸಿಲಿನಿಂದ ಎಣಿಸಿದ್ದೇನೆ. ಜಾಗ ಪಾಲಿಕೆಯದು, ಮಹಾಯೋಜನೆ ಬುಡಾದ್ದು (ನಗರಾಭಿವೃದ್ಧಿ ಪ್ರಾಧಿಕಾರದ್ದು), ನಗರದ ಒಂದು ಪಾಲು ದಂಡು ಮಂಡಳಿಯದು (ಕಂಟೋನ್ಮೆಂಟಿನದು), ಮೇಲಿನ ಮತ್ತು ಕೆಳಗಿನ ಊರುಗಳು ಪಂಚಾಯ್ತಿಯವು, ಕೊಳೆ ಅಳೆಯುವುದು ಮಾಲಿನ್ಯ ನಿಯಂತ್ರಣ ಮಂಡಳಿ. ನೀರಿಗೆ ಈ ಗಡಿ ಯಾವುದೂ ಗೊತ್ತಿಲ್ಲ, ಫೈಲಿಗೆ ಗಡಿ ಬಿಟ್ಟು ಬೇರೇನೂ ಗೊತ್ತಿಲ್ಲ. ಇವರೆಲ್ಲ ಒಂದೇ ನಕಾಶೆಯ ಮುಂದೆ ಕೂರುವ ವ್ಯವಸ್ಥೆ ಇದೆಯೋ ಅಂತ ವಿಚಾರಿಸಿ ಬರೆದರೆ ಮೂವತ್ತೊಂದು ‘ಬೇಕು’ಗಳಲ್ಲಿ ಮೂರು ಉಳಿಯಬಹುದು.

ಕೆಲಸದ ಸರದಿಯನ್ನೂ ತಿರುವುಮುರುವು ಮಾಡಿದ್ದೀರಿ. ವಾಕಿಂಗ್ ಪಾಥ್, ಕಾರಂಜಿ ಮೊದಲು, ಒಳಚರಂಡಿ ಕೊನೆಗೆ. ಕೊಳೆನೀರು ಬೇರೆ ಕೊಳವೆಗೆ ಹೋಗದ ತನಕ ಆ ದಂಡೆಯ ಮೇಲೆ ಯಾರು ವಾಕಿಂಗ್ ಬರುತ್ತಾರೆ, ಮೂಗು ಹಿಡಿದುಕೊಂಡು?

ಒಂದು ಸಾಲನ್ನಂತೂ ಕೆಂಪು ಶಾಯಿಯಿಂದ ಪೂರ್ತಿ ಹೊಡೆದಿದ್ದೇನೆ: ‘ಅರಿವಿನ ಕೊರತೆಯಿಂದ ಹಲಗಾ ರೈತರು ಕೊಳೆನೀರು ಸಂಸ್ಕರಣಾ ಘಟಕವನ್ನು ವಿರೋಧಿಸಿದರು.’ ಅವರು ಹೇಳಿದ್ದು ತಮ್ಮ ಜಮೀನು ಫಲವತ್ತಾದದ್ದು ಅಂತ, ಅದಕ್ಕಾಗಿ ಬೀದಿಗೂ ಇಳಿದರು, ಕೋರ್ಟಿಗೂ ಹೋದರು. ನಗರದ ಕೊಳೆ ತೊಳೆಯಲು ಊರಾಚೆಯ ಹೊಲವೇ ಯಾಕೆ ಅನ್ನುವುದು ಅರಿವಿನ ಕೊರತೆಯ ಪ್ರಶ್ನೆಯೋ? ಘಟಕ ಬೇಕು ಅಂತ ನೀವು ವಾದಿಸಿ, ನಾನೂ ಒಪ್ಪುತ್ತೇನೆ. ಅವರ ಕಟ್ಟೆಯ ಮೇಲೆ ಒಂದು ಸಂಜೆ ಕೂತು ಬಂದು ವಾದಿಸಿ. ನಿಮ್ಮ ಅಜ್ಜನ ಹೊಲವನ್ನೇ ಕೇಳಿದ್ದರೆ ಮನೆಯಲ್ಲಿ ಏನು ಮಾತಾಗುತ್ತಿತ್ತು?

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಭಾಗೀದಾರರು’, ‘ಅನುಷ್ಠಾನಗೊಳಿಸುವಿಕೆ’, ‘ಬಹುಆಯಾಮದ’ ಇವೆಲ್ಲ ವರದಿಯಿಂದ ಎದ್ದು ಬಂದ ಶಬ್ದಗಳು, ವರದಿಗೇ ಮರಳಲಿ. ಗಟಾರ, ಮೋರಿ, ಬದು, ಶಿವಾರ, ಹೂಳು, ಜೊಳ್ಳು ನಿಮ್ಮ ಮನೆಯಲ್ಲೇ ಇವೆ. ಕೊಳೆನೀರಿನಲ್ಲಿ ಸಾರಜನಕ ಹೆಚ್ಚಾಗಿ ಪೈರು ಹಸಿರೇರಿ ಎತ್ತರ ಬೆಳೆದು ಮಲಗುತ್ತದೆ, ಕಾಳು ಕಟ್ಟುವುದಿಲ್ಲ ಅಂತ ಒಂದು ಕಡೆ ಬರೆದಿದ್ದೀರಿ. ಇಡೀ ಲೇಖನದಲ್ಲಿ ಕಣ್ಣಿಗೆ ಕಾಣುವ ವಾಕ್ಯ ಅದೊಂದೇ, ಅಜ್ಜನ ಆರು ಸಾಲು ಬಿಟ್ಟರೆ.

ಮತ್ತೆ ಬರೆಯುವಾಗ ಆರು ಪುಟ ಮೀರದಿರಲಿ. ಮಳೆ ಹಿಡಿಯುವ ಮೊದಲೊಮ್ಮೆ, ಹಿಡಿದ ಮೇಲೊಮ್ಮೆ ನಾಲಾದ ಗುಂಟ ನಡೆಯಿರಿ, ಯಳ್ಳೂರಿನಿಂದ ಹಲಗಾದವರೆಗೆ. ಒಬ್ಬರೇ ಹೋಗಬೇಡಿ, ಗಂಬೂಟು ಹಾಕಿಕೊಳ್ಳಿ. ಮೋರಿ ಸಿಕ್ಕಲ್ಲೆಲ್ಲ ಅಗಲ ಅಳೆದುಕೊಳ್ಳಿ. ಮನೆಯಲ್ಲಿ ಆ ಕೋಲು ಹುಡುಕಿ, ಸಿಕ್ಕರೆ ಫೋಟೋ ತೆಗೆದು ಕಳಿಸಿ, ಕಚ್ಚುಗಳು ಕಾಣುವ ಹಾಗೆ ಬೆಳಕು ಓರೆಯಾಗಿ ಬೀಳಲಿ.

ಹಸ್ತಪ್ರತಿಯನ್ನು ಇದರ ಜತೆ ಹಿಂದಿರುಗಿಸಿದ್ದೇನೆ. ಹತ್ತು ಪುಟಗಳಿವೆ, ಎಣಿಸಿಕೊಳ್ಳಿ. ಐದನೆಯದು ನನ್ನ ಹತ್ತಿರವೇ ಇದೆ.