ಹಳೆ ಸ್ಪೀಕರ್ ಮಾರುವ ಮುನ್ನ ಮೆಕ್ಯಾನಿಕ್‌ಗೆ ಏನು ಹೇಳಬೇಕು?

ಪ್ರಶ್ನೆ: ಅಪ್ಪ ಹಡಗಿನ ಕೆಲಸದಲ್ಲಿದ್ದಾಗ, 1970ರ ದಶಕದಲ್ಲಿ ತಂದ ಜೆಬಿಎಲ್ ಎಲ್-100 ಸ್ಪೀಕರ್ ಜೋಡಿ ನಮ್ಮಲ್ಲಿದೆ. ಅಪ್ಪ ಈಗಿಲ್ಲ, ಫ್ಲ್ಯಾಟ್ ಚಿಕ್ಕದು, ಮಾರಬೇಕೆಂದಿದ್ದೇವೆ. ಮುಂದಿನ ಕಿತ್ತಳೆ ಬಣ್ಣದ ಫೋಮ್ ಮುಟ್ಟಿದರೆ ಉದುರುತ್ತದೆ. ಒಂದು ಪೆಟ್ಟಿಗೆಯ ಗುಂಡಿ ತಿರುಗಿಸಿದರೆ ಗರಗರ ಸದ್ದು ಬರುತ್ತದೆ. ಲ್ಯಾಮಿಂಗ್ಟನ್ ರೋಡಿನ ಮೆಕ್ಯಾನಿಕ್ ಒಬ್ಬರು ವೂಫರ್‌ಗೆ (ಬೇಸ್ ನುಡಿಸುವ ದೊಡ್ಡ ಸ್ಪೀಕರ್) ಹೊಸ ಕೋನ್ (ಅದುರುವ ಬಟ್ಟಲು), ಒಳಗೆ ಹೊಸ ಕಂಡೆನ್ಸರ್, ಹಿಂದೆ ದೊಡ್ಡ ಟರ್ಮಿನಲ್ (ತಂತಿ ಸಿಗಿಸುವ ಕೊಂಡಿ), ಪೆಟ್ಟಿಗೆಗೆ ಸನ್ಮೈಕಾ ಹಾಕಿ 'ಏಕ್‌ದಮ್ ನಯಾ ಬನಾಕೆ ದೇತಾ ಹೂಂ' ಅಂದಿದ್ದಾರೆ. ಮಾಡಿಸಿದರೆ ಬೆಲೆ ಹೆಚ್ಚುತ್ತದೆಯೇ?
— ಓದುಗರು, ಮುಲುಂಡ್

ಉತ್ತರ: ಇಳಿಯುತ್ತದೆ, ಅದೂ ಜೋರಾಗಿಯೇ. ಹೊಸದಾಗಿ ಕಾಣುವ ಸ್ಪೀಕರ್ ಬೇಕಿದ್ದವರು ಅಂಗಡಿಯಿಂದ ಹೊಸದನ್ನೇ ತರುತ್ತಾರೆ. ಜೆಬಿಎಲ್ 2018ರಲ್ಲಿ ಇದೇ ಚಹರೆಯ ಎಲ್-100 ಕ್ಲಾಸಿಕ್ ಅನ್ನು ಮಾರುಕಟ್ಟೆಗೆ ತಂದಿದೆ. ನಿಮ್ಮ ಮನೆ ಬಾಗಿಲು ತಟ್ಟುವವರು ಹುಡುಕುವುದು 1970ರಲ್ಲಿ ಬಂದ ಮೂಲ ಮಾದರಿಯನ್ನು, ಅದರ ಮೂಲ ಬಿಡಿಭಾಗಗಳ ಸಮೇತ.

ಮೊದಲು ವೂಫರ್. ಎಲ್-100ರ 12 ಇಂಚಿನ ಬಿಳಿ ಕೋನಿನ ಅಂಚು ಫೋಮಿನದಲ್ಲ, ಲೇಪ ಹಚ್ಚಿದ ನೆರಿಗೆಯ ಅಂಚು. ಮುಂಬಯಿಯ ತೇವಕ್ಕೆ ಫೋಮ್ ಪುಡಿಯಾಗುವ ಹಾಗೆ ಇದು ಉದುರುವುದಿಲ್ಲ. ಹಾಗಿದ್ದರೆ ಹೊಸ ಕೋನ್ ಯಾತಕ್ಕೆ? ನೀವೇ ಪರೀಕ್ಷಿಸಿ. ಆಂಪ್ ಆಫ್ ಮಾಡಿ, ನಾಲ್ಕು ಬೆರಳನ್ನು ಕೋನಿನ ನಾಲ್ಕು ಕಡೆ ಅಗಲಿಸಿಟ್ಟು ಸಮನಾಗಿ, ಮೆಲ್ಲಗೆ ಒಳಕ್ಕೆ ಒತ್ತಿ ಬಿಡಿ. ಸದ್ದಿಲ್ಲದೆ ಹೋಗಿ ಬಂದರೆ ಕೋನಿನ ಹಿಂದಿನ ತಂತಿಸುರುಳಿ, ಅಂದರೆ ಕಾಯಿಲ್, ಉಜ್ಜುತ್ತಿಲ್ಲ. ಆಮೇಲೆ ಸಣ್ಣ ವಾಲ್ಯೂಮಿನಲ್ಲಿ ಹಾಡು ಹಾಕಿ, ಒಡಕು ದನಿ ಇಲ್ಲದಿದ್ದರೆ ಅದನ್ನು ಯಾರಿಗೂ ಮುಟ್ಟಲು ಬಿಡಬೇಡಿ. ಕೋನ್ ಬದಲಾಯಿಸಿದರೆ ಅದರ ತೂಕ ಬದಲಾಗುತ್ತದೆ, ಅದರ ಜೊತೆಗೇ ಬೇಸ್ ಬದಲಾಗುತ್ತದೆ. ಮೂಲ ಕೋನ್ ಒಮ್ಮೆ ಕಸದ ಬುಟ್ಟಿ ಸೇರಿತೆಂದರೆ ಮತ್ತೆ ಸಿಗದು.

ಗರಗರ ಸದ್ದು ಸಣ್ಣ ವಿಷಯ. ಒಳಗಿನ ಸಂಪರ್ಕಕ್ಕೆ ಕಿಲುಬು ಹಿಡಿದಿದೆ. ಆಂಪ್ ಆಫ್ ಇರುವಾಗ ಗುಂಡಿಯನ್ನು ಆ ತುದಿಯಿಂದ ಈ ತುದಿಗೆ ಹತ್ತಾರು ಸಲ ತಿರುಗಿಸಿ. ಹೋಗದಿದ್ದರೆ ಮೆಕ್ಯಾನಿಕ್ ಕೈಯಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಸಿ. ಇಷ್ಟು ರಿಪೇರಿಗೆ ಯಾವ ಖರೀದಿದಾರರೂ ತಕರಾರು ತೆಗೆಯುವುದಿಲ್ಲ.

ಕಂಡೆನ್ಸರ್ ವಿಷಯ ಬೇರೆ. ಈ ಮಾದರಿಯಲ್ಲಿ ವೂಫರ್‌ಗೆ ದನಿ ಬೇರ್ಪಡಿಸುವ ಫಿಲ್ಟರೇ ಇಲ್ಲ, ಆಂಪಿನಿಂದ ನೇರ ಸಂಪರ್ಕ. ಇರುವ ಕಂಡೆನ್ಸರ್‌ಗಳು ಮಧ್ಯದ ದನಿಯ ಮಿಡ್‌ರೇಂಜ್ ಮತ್ತು ಸಣ್ಣ ದನಿಯ ಟ್ವೀಟರ್‌ಗೆ. ಮೀಟರ್ ಹಿಡಿದು ಅಳೆಸಿ, ಅದರ ಮೇಲೆ ಬರೆದಿರುವ ಮೈಕ್ರೋಫ್ಯಾರಡ್ ಅಂಕಿಯ ಹತ್ತಿರವೇ ಇದ್ದರೆ ಬಿಟ್ಟುಬಿಡಿ. ಬದಲಾಯಿಸಲೇಬೇಕಾದರೆ ಅದೇ ಮೌಲ್ಯದ್ದು, ಎರಡೂ ಪೆಟ್ಟಿಗೆಗೆ ಒಟ್ಟಿಗೆ. ತೆಗೆದ ಹಳೆಯದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಖರೀದಿದಾರರ ಕೈಗೇ ಕೊಡಿ. ಬೆಸುಗೆ ಬಿಡಿಸಿ ಮೊದಲಿನಂತೆ ಮಾಡಬಹುದಾದ ಕೆಲಸಕ್ಕೆ ಬೆಲೆ ಹೆಚ್ಚು ಇಳಿಯುವುದಿಲ್ಲ. ಆದರೆ ದುಬಾರಿ ವಿದೇಶಿ ಕಂಡೆನ್ಸರ್ ಹಾಕಿಸಿದ ಹಣ ಮಾರುವಾಗ ವಾಪಸ್ ಬರುತ್ತದೆಂದು ನಂಬಬೇಡಿ.

ಟರ್ಮಿನಲ್‌ಗಾಗಿ ಹಿಂದೆ ತೂತು ಕೊರೆದರೆ ಅದು ಮುಚ್ಚುವುದಿಲ್ಲ. ಇನ್ನು ಸನ್ಮೈಕಾ! ವಾಲ್‌ನಟ್ ವಿನಿಯರ್ ಮೇಲೆ ಫೆವಿಕಾಲ್ ಬಳಿದು ಸನ್ಮೈಕಾ ಅಂಟಿಸಿದರೆ ಖರೀದಿದಾರ ಬಾಗಿಲಲ್ಲೇ ತಿರುಗಿ ಹೋಗುತ್ತಾನೆ. ವಿನಿಯರ್ ಎಂದರೆ ತೆಳ್ಳನೆಯ ಹಾಳೆ. ಬಡಗಿ ಜೋರಾಗಿ ಪಾಲಿಶ್ ಪೇಪರ್ ಎಳೆದರೆ ಮೂಲೆಯಲ್ಲಿ ಒಳಗಿನ ಹಲಗೆ ಇಣುಕುತ್ತದೆ. ಒಣ ಬಟ್ಟೆಯಲ್ಲಿ ಧೂಳು ಒರೆಸಿ, ಸ್ವಲ್ಪ ಟೀಕ್ ಆಯಿಲ್ ತಿಕ್ಕಿದರೆ ಸಾಕು. ಉದುರುತ್ತಿರುವ ಕಿತ್ತಳೆ ಗ್ರಿಲ್ ಎಲ್ಲ ಎಲ್-100ರ ಕರ್ಮ, ಕೊಳ್ಳುವವರಿಗೆ ಗೊತ್ತಿರುತ್ತದೆ. ಎಸೆಯಬೇಡಿ, ಅದರ ಹಿಂದಿನ ಚೌಕಟ್ಟು ಮತ್ತು ಜೆಬಿಎಲ್ ಬಿಲ್ಲೆ ಹೊಸ ಫೋಮ್ ಕೂರಿಸುವವರಿಗೆ ಬೇಕು.

ಪ್ರಶ್ನೆ: ನನ್ನ ಎ.ಆರ್. (ಅಕೌಸ್ಟಿಕ್ ರಿಸರ್ಚ್) 3ಎ ಸ್ಪೀಕರ್ ವೂಫರ್‌ಗಳ ಫೋಮ್ ಅಂಚು ಪೂರ್ತಿ ಹೋಗಿದೆ. ರಬ್ಬರ್ ಅಂಚು ಹಾಕಿದರೆ ಜನ್ಮಪೂರ್ತಿ ಬರುತ್ತದೆ ಎನ್ನುತ್ತಾರೆ. ಹಾಕಿಸಲೇ?
— ಓದುಗರು, ಪುಣೆ

ಉತ್ತರ: ಬೇಡ, ಫೋಮನ್ನೇ ಹಾಕಿಸಿ. ಎಡ್ಗರ್ ವಿಲ್ಚುರ್ ಮತ್ತು ಹೆನ್ರಿ ಕ್ಲಾಸ್ 1954ರಲ್ಲಿ ಆರಂಭಿಸಿದ ಈ ಕಂಪನಿಯ ಗುಟ್ಟೇ ಗಾಳಿಯಾಡದ ಪೆಟ್ಟಿಗೆ. ಒಳಗೆ ಸಿಕ್ಕಿಬಿದ್ದ ಗಾಳಿಯೇ ಕೋನಿಗೆ ಸ್ಪ್ರಿಂಗ್. ಆದ್ದರಿಂದ ಅಂಚು ತೀರಾ ಮೆತ್ತಗಿರಬೇಕು. ದಪ್ಪ, ಬಿಗಿ ರಬ್ಬರ್ ಹಾಕಿದರೆ ಆಳದ ಬೇಸ್ ಕುಗ್ಗುತ್ತದೆ, ಜನ ಇದನ್ನು ಕೊಳ್ಳುವುದು ಆ ಬೇಸ್‌ಗಾಗಿ. ಫೋಮ್ ಹಾಳಾಗುವುದು ಸಹಜವಾದ್ದರಿಂದ ಸರಿಯಾಗಿ ಮಾಡಿದ ರೀಫೋಮ್‌ಗೆ ಬೆಲೆ ಇಳಿಯದು. ಹಾಗೇ ಬಿಟ್ಟರೆ ಇಳಿಯುತ್ತದೆ. ಒಂದು ಹೋಗಿದ್ದರೂ ಎರಡಕ್ಕೂ ಮಾಡಿಸಿ.

ಕೆಲಸ ಮುಗಿದ ಮೇಲೆ ಕೋನನ್ನು ಒಳಕ್ಕೆ ಒತ್ತಿ ಬಿಡಿ. ನಿಧಾನವಾಗಿ ಹೊರಬಂದರೆ ಪೆಟ್ಟಿಗೆ ಬಿಗಿಯಾಗಿದೆ. ಟಪ್ಪೆಂದು ಚಿಮ್ಮಿದರೆ ಎಲ್ಲೋ ಗಾಳಿ ಸೋರುತ್ತಿದೆ, ಬಹುಶಃ ವೂಫರ್ ಕೂರಿಸುವಾಗ ಸುತ್ತಲಿನ ಮೇಣದಂಥ ಪುಟ್ಟಿಯನ್ನು ಸರಿಯಾಗಿ ಒತ್ತಿಲ್ಲ. ಇದನ್ನು ಅಂಗಡಿಯಲ್ಲೇ ನೋಡಿ, ಆಮೇಲೆ ದುಡ್ಡು ಕೊಡಿ. ರಿಪೇರಿಯ ಬಿಲ್ ಮತ್ತು ಹಳೇ ಅಂಚಿನ ಫೋಟೊ ಎತ್ತಿಡಿ. ಮುಚ್ಚಿಟ್ಟ ರಿಪೇರಿ ಗೊತ್ತಾದರೆ ಖರೀದಿದಾರ ಉಳಿದೆಲ್ಲದರ ಮೇಲೂ ಅನುಮಾನಪಡುತ್ತಾನೆ.

ಪ್ರಶ್ನೆ: ಹಳೇ ಫಿಲಿಪ್ಸ್ ಪೆಟ್ಟಿಗೆಗಳಿಗೆ ಬ್ಲೂಟೂತ್ ಬೋರ್ಡ್ ಕೂರಿಸಬಹುದೇ?
— ಓದುಗರು, ವಾಸ್ಕೊ

ಉತ್ತರ: ಸಾಧಾರಣ ಮಾದರಿಯಾದರೆ ಧಾರಾಳವಾಗಿ. ಅದನ್ನು ಸಂಗ್ರಹಕ್ಕೆಂದು ಕೇಳುವವರು ಕಡಿಮೆ. ಆದರೆ ಡ್ರಿಲ್ ಹಿಡಿಯುವ ಮುನ್ನ ಹಿಂದಿನ ಹಲಗೆ ಬಿಚ್ಚಿ ಸ್ಪೀಕರ್ ಬೆನ್ನಿನ ಅಂಕಿ ಓದಿ. 9710 ಎಂದಿದ್ದರೆ ಅದು ಸಂಗ್ರಾಹಕರು ಹುಡುಕುವ ಮಾಲು, ಡ್ರಿಲ್ ಕೆಳಗಿಟ್ಟು ನನಗೆ ಇನ್ನೊಂದು ಪತ್ರ ಬರೆಯಿರಿ.