ಲೂಪಸ್‌ಗೆ ಕಾರ್–ಟಿ ಚಿಕಿತ್ಸೆ: ಎರ್ಲಾಂಗೆನ್‌ನಲ್ಲಿ ಕಂಡದ್ದೇನು, ನಮ್ಮಲ್ಲಿ ಸಿಗುತ್ತದೆಯೇ?

ನಿಮ್ಮ ತಂಗಿಗೆ ಲೂಪಸ್ (ರೋಗನಿರೋಧಕ ವ್ಯವಸ್ಥೆ ಸ್ವಂತ ದೇಹದ ಮೇಲೆಯೇ ದಾಳಿ ಮಾಡುವ ಕಾಯಿಲೆ) ಇದೆ, ಜರ್ಮನಿಯ ವಿಶ್ವವಿದ್ಯಾಲಯವೊಂದು ಜೀವಕೋಶ ಚಿಕಿತ್ಸೆಯಿಂದ ಆ ಕಾಯಿಲೆಯನ್ನು ಅಡಗಿಸಿದೆ ಎಂಬ ಸುದ್ದಿ ನಿಜವೇ, ಅವರಿಗೂ ಅದನ್ನು ಕೊಡಿಸಬಹುದೇ ಎಂದು ಕೇಳಿದ್ದೀರಿ. ಸುದ್ದಿ ನಿಜ. ನಾನು ವೈದ್ಯೆಯಲ್ಲ, ರೋಗನಿರೋಧಕ ವಿಜ್ಞಾನದ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಹಾಗಾಗಿ ಅಲ್ಲಿ ಕಂಡದ್ದೇನು ಎಂಬುದನ್ನು ವಿವರಿಸಬಲ್ಲೆ, ಚಿಕಿತ್ಸೆಯ ನಿರ್ಧಾರ ಅವರ ರುಮಟಾಲಜಿಸ್ಟ್‌ಗೆ, ಅಂದರೆ ಇಂಥ ಕಾಯಿಲೆಗಳ ತಜ್ಞ ವೈದ್ಯರಿಗೆ ಬಿಟ್ಟದ್ದು.

ಅದು ಬವೇರಿಯಾದ ಸರ್ಕಾರಿ ವಿಶ್ವವಿದ್ಯಾಲಯವಾದ ಎರ್ಲಾಂಗೆನ್–ನ್ಯೂರೆಂಬರ್ಗ್. ಅಲ್ಲಿನ ಗೇಯೋರ್ಗ್ ಶೆಟ್ ಮತ್ತು ಆಂಡ್ರಿಯಾಸ್ ಮ್ಯಾಕೆನ್ಸನ್ ಅವರ ತಂಡ, ಯಾವ ಔಷಧಕ್ಕೂ ಬಗ್ಗದ ಲೂಪಸ್‌ನಿಂದ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದ್ದ 20 ವರ್ಷದ ಯುವತಿಗೆ, ಅಲ್ಲಿಯವರೆಗೆ ರಕ್ತದ ಕ್ಯಾನ್ಸರ್‌ಗಳಿಗೆ ಬಳಸುತ್ತಿದ್ದ ಕಾರ್–ಟಿ ಚಿಕಿತ್ಸೆಯನ್ನು 2021ರಲ್ಲಿ ಕೊಟ್ಟಿತು. ರೋಗಿಯದೇ ರಕ್ತದಿಂದ ಟಿ ಜೀವಕೋಶಗಳನ್ನು (ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ) ಬೇರ್ಪಡಿಸಿ, ಅಪಾಯವಿಲ್ಲದಂತೆ ಮಾಡಿದ ವೈರಸ್‌ನ ಮೂಲಕ ಅವುಗಳಿಗೆ ಹೊಸ ಜೀನ್ ಸೇರಿಸಿ, ಪ್ರಯೋಗಾಲಯದಲ್ಲಿ ಬೆಳೆಸಿ, ದೇಹತೂಕದ ಪ್ರತಿ ಕಿಲೋಗೆ 10 ಲಕ್ಷದ ಲೆಕ್ಕದಲ್ಲಿ ರಕ್ತಕ್ಕೆ ಮರಳಿಸುತ್ತಾರೆ. ಅವು ಸಿಡಿ19 ಎಂಬ ಪ್ರೋಟೀನ್ ಹೊತ್ತ ಬಿ ಜೀವಕೋಶಗಳನ್ನು (ಇನ್ನೊಂದು ಬಗೆಯ ಬಿಳಿ ರಕ್ತಕಣ) ಹುಡುಕಿ ಕೊಲ್ಲುತ್ತವೆ; ಲೂಪಸ್‌ನಲ್ಲಿ ಸ್ವಂತ ಡಿಎನ್‌ಎ ವಿರುದ್ಧವೇ ಪ್ರತಿಕಾಯ ತಯಾರಾಗುವುದು ಈ ಬಿ ಜೀವಕೋಶಗಳ ಸಂತತಿಯಿಂದ. ಆ ಯುವತಿಯ ರಕ್ತದಲ್ಲಿ 5000 ಯೂನಿಟ್ ದಾಟಿದ್ದ ಆ ಪ್ರತಿಕಾಯ ಐದು ವಾರಗಳಲ್ಲಿ 4ಕ್ಕೆ ಇಳಿಯಿತು, ಮೂತ್ರದಲ್ಲಿ ಪ್ರೋಟೀನ್ ಸೋರುವುದೂ ಬಹುಮಟ್ಟಿಗೆ ನಿಂತಿತು.

ನನ್ನ ದೃಷ್ಟಿಯಲ್ಲಿ ನಿಜವಾದ ಶೋಧ ಆಮೇಲಿನದು. ನಾಲ್ಕು ತಿಂಗಳ ಆಸುಪಾಸಿನಲ್ಲಿ ರೋಗಿಗಳ ಅಸ್ಥಿಮಜ್ಜೆಯಿಂದ ಬಿ ಜೀವಕೋಶಗಳು ಮತ್ತೆ ಹುಟ್ಟಿ ಬಂದವು, ಆದರೆ ಕಾಯಿಲೆ ಅವುಗಳ ಜೊತೆ ಬರಲಿಲ್ಲ. ಬಂದವು ಇನ್ನೂ ಯಾವ ಶತ್ರುವನ್ನೂ ಎದುರಿಸದ ಎಳೆಯ ಜೀವಕೋಶಗಳು. ಹಿಂದೆ ಹಾಕಿಸಿಕೊಂಡ ಲಸಿಕೆಗಳಿಂದ ಬಂದಿದ್ದ ಪ್ರತಿಕಾಯಗಳು ಬಹುತೇಕ ಉಳಿದುಕೊಂಡವು, ಏಕೆಂದರೆ ಅವನ್ನು ತಯಾರಿಸುವ ದೀರ್ಘಾಯುಷಿ ಪ್ಲಾಸ್ಮಾ ಜೀವಕೋಶಗಳ ಮೇಲೆ ಸಿಡಿ19 ಸಾಮಾನ್ಯವಾಗಿ ಇರುವುದಿಲ್ಲ. ರೋಗನಿರೋಧಕ ಶಕ್ತಿಯನ್ನು ಜೀವನಪರ್ಯಂತ ಮಾತ್ರೆಗಳಿಂದ ಹತ್ತಿಕ್ಕುವುದೊಂದೇ ದಾರಿ ಎಂದು ನಂಬಿದ್ದ ಕ್ಷೇತ್ರದಲ್ಲಿ ಇದು ಬಹಳ ದೊಡ್ಡ ಮಾತು. 2024ರಲ್ಲಿ ಇದೇ ತಂಡ 15 ರೋಗಿಗಳ ವಿವರ ಪ್ರಕಟಿಸಿತು. ಅವರಲ್ಲಿ 8 ಮಂದಿ ಲೂಪಸ್‌ನವರು, ಉಳಿದವರು ಇದೇ ಬಗೆಯ ಬೇರೆ ಕಾಯಿಲೆಗಳವರು. ಆ ಎಂಟೂ ಜನರ ಕಾಯಿಲೆ ಶಮನಗೊಂಡಿತ್ತು, ಹದಿನೈದೂ ಜನರ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಗಳನ್ನು ಪೂರ್ತಿ ನಿಲ್ಲಿಸಲಾಗಿತ್ತು.

ಆದರೂ ಇವರು ಬರೀ 15 ಜನ, ಹೋಲಿಸಿ ನೋಡಲು ಬೇರೆ ಗುಂಪಿರಲಿಲ್ಲ, ಅವರನ್ನು ಗಮನಿಸಿದ ಅವಧಿ 4ರಿಂದ 29 ತಿಂಗಳು. ಹೆಚ್ಚಿನವರಿಗೆ ಚಿಕಿತ್ಸೆಯ ನಂತರ ಜ್ವರ ಬಂತು, ಒಬ್ಬರು ನ್ಯುಮೋನಿಯಾದಿಂದ ಆಸ್ಪತ್ರೆ ಸೇರಿದರು. ಕಾರ್–ಟಿ ಪಡೆದ ಕ್ಯಾನ್ಸರ್ ರೋಗಿಗಳಲ್ಲಿ ಅಪರೂಪಕ್ಕೆ ಟಿ ಜೀವಕೋಶಗಳದೇ ಕ್ಯಾನ್ಸರ್ ಕಾಣಿಸಿದ್ದರಿಂದ, ಅಮೆರಿಕದ ಔಷಧ ನಿಯಂತ್ರಕರು 2024ರಲ್ಲಿ ಈ ಚಿಕಿತ್ಸೆಗಳ ಲೇಬಲ್‌ನಲ್ಲಿ ಎಚ್ಚರಿಕೆಯ ಬರಹವನ್ನು ಕಡ್ಡಾಯ ಮಾಡಿದ್ದಾರೆ.

ಭಾರತಕ್ಕೆ ಈ ತಂತ್ರಜ್ಞಾನ ಹೊಸದಲ್ಲ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಆಸ್ಪತ್ರೆ ಸೇರಿ ರೂಪಿಸಿದ ನೆಕ್ಸ್‌ಕಾರ್19 ಎಂಬ ಕಾರ್–ಟಿ ಚಿಕಿತ್ಸೆಗೆ 2023ರಲ್ಲಿ ಅನುಮತಿ ಸಿಕ್ಕಿದೆ. ಬೆಂಗಳೂರಿನ ಇಮ್ಯುನೀಲ್ ಸಂಸ್ಥೆ 2025ರಲ್ಲಿ ಕಾರ್ಟೆಮಿ ಎಂಬ ಇನ್ನೊಂದು ಕಾರ್–ಟಿ ಚಿಕಿತ್ಸೆಯನ್ನು ಬಿಡುಗಡೆ ಮಾಡಿದೆ. ಇವೆರಡಕ್ಕೂ ಅನುಮತಿ ಸಿಕ್ಕಿದ್ದು ರಕ್ತದ ಕ್ಯಾನ್ಸರ್‌ಗಳಿಗೆ, ಲೂಪಸ್‌ಗಲ್ಲ.

ನಿಮ್ಮ ತಂಗಿ ಹೈಡ್ರಾಕ್ಸಿಕ್ಲೋರೋಕ್ವಿನ್ ಮತ್ತು ಸ್ವಲ್ಪ ಸ್ಟೀರಾಯ್ಡ್‌ನಲ್ಲಿ ಸ್ಥಿರವಾಗಿದ್ದರೆ ಈ ಚಿಕಿತ್ಸೆ ಸದ್ಯ ಅವರಿಗಾಗಿ ಇರುವುದಲ್ಲ. ಸುದ್ದಿ ಓದಿ ಮಾತ್ರೆ ಬಿಡುವುದಂತೂ ಖಂಡಿತ ಬೇಡ. ಔಷಧಗಳೆಲ್ಲ ಸೋತು ಮೂತ್ರಪಿಂಡ ಹದಗೆಡುತ್ತಿದ್ದರೆ, ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯ ಜಾಲತಾಣದಲ್ಲಿ ಲೂಪಸ್ ಎಂದು ಹುಡುಕಿ, ಸಿಕ್ಕಿದ್ದನ್ನು ವೈದ್ಯರಿಗೆ ತೋರಿಸಿ. ಆಗ ಒಂದು ವಿಷಯವನ್ನು ಮರೆಯದೆ ವಿಚಾರಿಸಿ: ಜೀವಕೋಶಗಳನ್ನು ಮರಳಿಸುವ ಮೊದಲು ಸೈಕ್ಲೋಫಾಸ್ಫಮೈಡ್ ಎಂಬ ಕೀಮೋಥೆರಪಿ ಔಷಧ ಕೊಡುತ್ತಾರೆ, ಅದು ಅಂಡಾಶಯಕ್ಕೆ ಹಾನಿ ಮಾಡಬಲ್ಲದು. ಮುಂದೆ ಮಕ್ಕಳಾಗಬೇಕೆಂಬ ಆಸೆ ಅವರಿಗಿದ್ದರೆ, ಅದಕ್ಕೆ ಬೇಕಾದ ಮುನ್ನೆಚ್ಚರಿಕೆಯನ್ನು ಚಿಕಿತ್ಸೆಗೆ ಮೊದಲೇ ತೆಗೆದುಕೊಳ್ಳಬೇಕು.